ಸುಣ್ಣ ಬಳಿಸಿಕೊಂಡ ಪಿಕಪ್

ನಮ್ಮ ಮನೆಯ ಕಿಟಕಿಗಳಿಗೂ ಅಂಗಳದ ಮೂಲೆಯಲ್ಲಿ ನಿಲ್ಲುವ ಹಳೆಯ ಪಿಕಪ್ ಗಾಡಿಗೂ ಒಂದೇ ಹಸಿರು ಬಣ್ಣ ಯಾಕೆ ಎಂದು ಕೇಳಿದವರಿಗೆ ನಾನು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ. ಬಣ್ಣ ಮಿಕ್ಕಿತ್ತು ಎಂದಿದ್ದೇನೆ. ನಮ್ಮ ಯಜಮಾನರಿಗೆ ಬೇರೆ ಬಣ್ಣ ಗೊತ್ತಿಲ್ಲ ಎಂದಿದ್ದೇನೆ. ಬಿಡದೆ ತಲೆ ತಿನ್ನುತ್ತಿದ್ದ ನೆಂಟರೊಬ್ಬರಿಗೆ, ಆ ಗಾಡಿ ಈ ಮನೆ ಹೆತ್ತ ಮಗಳು ಎಂದೂ ಒಮ್ಮೆ ಹೇಳಿದ್ದುಂಟು. ನಿಜವಾದ ಉತ್ತರ ಸ್ವಲ್ಪ ಉದ್ದ. ಅದನ್ನು ತುಕ್ಕಿನಿಂದ ಶುರು ಮಾಡಬೇಕು.

ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ನಮ್ಮ ಸುತ್ತಿನವರಿಗೆಲ್ಲ ಒಂದೊಂದು ಹುಚ್ಚು ಹಿಡಿಯಿತು. ಕೆಲವರು ಕಾರು ಕೊಂಡರು, ಕೆಲವರು ಪಕ್ಕದ ತೋಟ ಕೊಂಡರು. ನಾವು ಇದ್ದ ಮನೆಯನ್ನು ಬಿಚ್ಚಿ ಹಾಕಿದೆವು. ಚಿಕ್ಕಮಗಳೂರಿನ ಹತ್ತಿರದ ವಸ್ತಾರೆಯಿಂದ ಒಳಗೆ, ಗುಡ್ಡದ ನೆತ್ತಿಯ ಮೇಲೆ, ಯಜಮಾನರ ಅಜ್ಜ ಕಟ್ಟಿಸಿದ ಮನೆ ಅದು. ಗೆದ್ದಲು ಹಿಡಿದ ತೊಲೆ ಬದಲಿಸಬೇಕು, ಉದುರುತ್ತಿದ್ದ ಗೋಡೆಗೆ ಹೊಸದಾಗಿ ಸುಣ್ಣದ ಗಾರೆ ಮಾಡಿಸಬೇಕು, ಕಿಟಕಿ ಬಾಗಿಲು ಕೆರೆದು ಬಣ್ಣ ಬಳಿಸಬೇಕು, ಅಷ್ಟೇ ಎಂದುಕೊಂಡಿದ್ದೆವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರು ಮನೆ ರಿಪೇರಿ ಮಾಡಿಸಿದವರಲ್ಲ. ರಿಪೇರಿಯಲ್ಲಿ ಒಂದು ಹಲಗೆ ಎತ್ತಿದರೆ ಪಕ್ಕದ ನಾಲ್ಕು ಹಲಗೆಗಳು ತಾವಾಗಿಯೇ ಕೈಗೆ ಬರುತ್ತವೆ.

ಕೊಯ್ಲು ಮುಗಿದ ಕೂಡಲೇ ನಾನು, ಯಜಮಾನರು, ಅತ್ತೆ ಮೂವರೂ ಗುಡ್ಡದ ಬುಡದಲ್ಲಿ ಗೇಟಿನ ಪಕ್ಕಕ್ಕಿದ್ದ ಕಾಫಿ ಸ್ಟೋರಿಗೆ ಸಂಸಾರ ಇಳಿಸಿದೆವು. ಕಾಫಿ ಚೀಲಗಳೆಲ್ಲ ಬೀಜ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಹೋಗಿದ್ದವು, ವಾಸನೆ ಹೋಗಿರಲಿಲ್ಲ. ಅನ್ನಕ್ಕೂ ಕಾಫಿಯ ವಾಸನೆ, ಹಾಸಿಗೆಗೂ ಕಾಫಿಯ ವಾಸನೆ. ಕಾಫಿಗೆ ಮಾತ್ರ ಸೀಮೆಎಣ್ಣೆಯ ವಾಸನೆ, ಯಾಕೆಂದರೆ ಅಡುಗೆ ಸ್ಟವ್ವಿನಲ್ಲಿ.

ಮಳೆ ಹಿಡಿಯುವ ಮುಂಚೆ ಮನೆ ಸೇರಬೇಕೆಂದು ಪುರೋಹಿತರ ಹತ್ತಿರ ಒಂದು ದಿನ ಗೊತ್ತು ಮಾಡಿಸಿದೆವು. ಸುದ್ದಿ ತಿಳಿದದ್ದೇ ತಡ, ಯಜಮಾನರ ಸೋದರತ್ತೆ ಬಸ್ಸು ಹತ್ತಿ ಬಂದುಬಿಟ್ಟರು. ಅವರು ತೀರಿಹೋದ ನಮ್ಮ ಮಾವನವರ ತಂಗಿ. ಸಂಸೆಗೆ ಕೊಟ್ಟಿದ್ದರಿಂದ ಅವರನ್ನು ಎಲ್ಲರೂ ಸಂಸೆ ಅತ್ತೆ ಎನ್ನುತ್ತಿದ್ದೆವು. ಮಂಡಿನೋವಿನಿಂದ ಅವರಿಗೆ ಏರು ಹತ್ತಲು ಆಗುತ್ತಿರಲಿಲ್ಲ. ನಾಲಿಗೆಗೆ ಯಾವ ನೋವೂ ಇರಲಿಲ್ಲ. ಶಾಸ್ತ್ರ ಸಂಪ್ರದಾಯ ಅಂದರೆ ಪ್ರಾಣ. ಸ್ಟೋರಿನ ಕಟ್ಟೆಯ ಮೇಲೆ ಕೂತು, ಇನ್ನೂ ಗೋಡೆಯೇ ಒಣಗದ ಮನೆಯ ಗೃಹಪ್ರವೇಶವನ್ನು ಅವರು ಆಗಲೇ ನಡೆಸಿಬಿಟ್ಟರು.

"ಮೊದ್ಲು ನೀವಿಬ್ರು ಗಂಡ ಹೆಂಡ್ತಿ ದೀಪ, ಹಾಲು ಹಿಡ್ಕಂಡು ಮುಂದ್ಗಡೆ ಬಾಗ್ಲಲ್ಲಿ ಹೋಗೋದು. ಹಿಂದೆ ಮುತ್ತೈದೇರು," ಎಂದು ಬೆರಳು ಮಡಿಸಿದರು. ಆಮೇಲೆ ನಮ್ಮ ಅತ್ತೆಯ ಕಡೆ ತಿರುಗಿ ದನಿ ಇಳಿಸಿದರು. "ಅತ್ತಿಗೆ, ನೀವು ಬೇಜಾರು ಮಾಡ್ಕಬೇಡಿ. ಹಾಲು ಉಕ್ಕಿ, ಪೂಜೆ ಎಲ್ಲ ಆದ್ಮೇಲೆ ಹಿಂದ್ಗಡೆ ಅಡುಗೆಮನೆ ಬಾಗ್ಲಿಂದ ಬಂದ್ರಾಯ್ತು."

ಗಂಡ ಇಲ್ಲದವರು ಮಂಗಳ ಕಾರ್ಯದಲ್ಲಿ ಮುಂದೆ ಬರಬಾರದು ಎಂಬ ಆ ಹಳೆಯ ಮಾತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಮನೆ ಉಳಿಸ್ದವ್ರು ಹಿತ್ಲಿಂದ, ಮನೆ ಬಿಚ್ಚಿ ಹಾಕ್ದವ್ರು ಮುಂದ್ಲಿಂದ. ಭಾರಿ ಚೆನ್ನಾಗಿದೆ ಶಾಸ್ತ್ರ," ಅಂದುಬಿಟ್ಟೆ.

ಅತ್ತೆ ಕಣ್ಣಿನಲ್ಲೇ ನನ್ನ ಬಾಯಿ ಮುಚ್ಚಿಸಿದರು. ಕೈಯಲ್ಲಿದ್ದ ಎಲೆಗೆ ನಿಧಾನವಾಗಿ ಸುಣ್ಣ ಸವರಿ, ಮಡಿಸಿ, ಬಾಯಿಗೆ ಹಾಕಿಕೊಂಡು ಹೇಳಿದರು. "ಆಗ್ಲಿ. ನಿನ್ ಶಾಸ್ತ್ರಕ್ಕೆ ನಾನ್ಯಾಕೆ ಅಡ್ಡ ಬರ್ಲಿ? ಆದ್ರೆ ಮನೆ ಸಾಮಾನು ಮೇಲಕ್ಕೆ ಹೋಗೋದು ನಮ್ ಪಿಕಪ್ಪಲ್ಲಿ. ಪಿಕಪ್ ಓಡ್ಸೋದು ನಾನು. ಅದು ಅಡುಗೆಮನೆ ಬಾಗ್ಲಿಗೆ ಹೋಗಲ್ಲ, ನಿಂಗೂ ಗೊತ್ತು."

ನಿಜ. ಮನೆಯ ಹಿಂಭಾಗಕ್ಕೆ ಹೋಗಲು ಕಾಫಿ ಗಿಡಗಳ ನಡುವೆ ಮೆಟ್ಟಿಲು ಕಡಿದ ಕಾಲುದಾರಿ ಮಾತ್ರ ಇದ್ದದ್ದು. ಗಾಡಿ ಹತ್ತುವುದೇನಿದ್ದರೂ ಮುಂದಿನ ಅಂಗಳಕ್ಕೆ.

ಸಂಸೆ ಅತ್ತೆ ನಕ್ಕುಬಿಟ್ಟರು. "ಆ ಪಿಕಪ್ಪಾ? ಅದು ಇದ್ದಲ್ಲಿಂದ ಎದ್ರೆ ತಾನೆ!"

"ಎದ್ರೆ?"

"ಎದ್ರೆ ಬನ್ನಿ ಮಾರಾಯ್ರೆ, ನಾನ್ಯಾಕೆ ಬೇಡ ಅನ್ಲಿ," ಅಂದರು ಅವರು, ಕತ್ತೆಗೆ ಕೋಡು ಬಂದರೆ ನೋಡೋಣ ಎನ್ನುವ ಧಾಟಿಯಲ್ಲಿ. ಮಾರನೆಯ ದಿನ ಸಂಸೆಗೆ ಹೊರಟೂ ಹೋದರು. ಅವರ ಬಸ್ಸು ಕಣ್ಮರೆಯಾಗುವ ಮೊದಲೇ ಅತ್ತೆ ಶೆಡ್ಡಿಗೆ ಹೋಗಿ ಪಿಕಪ್ಪಿನ ಮೇಲಿದ್ದ ಟಾರ್ಪಾಲು ಎಳೆದು ಹಾಕಿದರು. ಅದರೊಳಗಿಂದ ಒಂದು ಕೋಳಿ ಸಂಸಾರ ಕೂಗುತ್ತಾ ಹೊರಗೆ ಬಂತು.

ಆ ಗಾಡಿಯ ವಿಷಯ ಹೇಳದಿದ್ದರೆ ಅತ್ತೆಯ ಹಟ ಅರ್ಥವಾಗುವುದಿಲ್ಲ. ಉದ್ದ ಮೂಗು, ದುಂಡು ದೀಪ, ಹಿಂದೆ ಸಾಮಾನು ತುಂಬುವ ಕಬ್ಬಿಣದ ತೊಟ್ಟಿ. ದೊಡ್ಡ ಎಸ್ಟೇಟೊಂದರವರು ಮಾರಿದ್ದನ್ನು ಮಾವನವರು ತಂದಿದ್ದರಂತೆ. ಡ್ರೈವರು ಹೇಳದೆ ಕೇಳದೆ ರಜೆ ಹಾಕಿದಾಗಲೆಲ್ಲ ಅತ್ತೆ ಗೊಣಗುತ್ತಿದ್ದರು. ಹಾಗಾದರೆ ನೀನೇ ಓಡಿಸು ಎಂದು ಮಾವನವರು ತಮಾಷೆಗೆ ಹೇಳಿ, ಆಮೇಲೆ ತಮಾಷೆ ಬಿಟ್ಟು, ಕಾಫಿ ಒಣಗಿಸುವ ಕಣದಲ್ಲಿ ಗುಂಡಗೆ ಸುತ್ತಿಸಿ ಕಲಿಸಿದರು. ಮಾವನವರು ಒಂದು ಕೊಯ್ಲಿನ ನಡುವೆಯೇ ತೀರಿಕೊಂಡಾಗ ನಮ್ಮ ಯಜಮಾನರು ಹಾಸ್ಟೆಲ್ಲಿನಲ್ಲಿ ಓದುತ್ತಿದ್ದ ಹುಡುಗ. ತೋಟ ಮಾರಿ ತಮ್ಮನ ಮನೆ ಸೇರು ಎಂದರು ಬಂದವರೆಲ್ಲ. ಅತ್ತೆ ಕೇಳಿಸಿಕೊಂಡರು, ಬಂದವರಿಗೆ ಊಟ ಹಾಕಿದರು, ಆಮೇಲೆ ಪಿಕಪ್ಪಿಗೆ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಚೀಲ ಹೇರಿಸಿಕೊಂಡು ಚಿಕ್ಕಮಗಳೂರಿಗೆ ತಾವೇ ಓಡಿಸಿಕೊಂಡು ಹೋದರು. ಕ್ಯೂರಿಂಗ್ ಗೇಟಿನಲ್ಲಿ ಕಾವಲಿನವನು ಗಾಡಿಯ ಸುತ್ತ ನೋಡಿ "ಡ್ರೈವರ್ ಎಲ್ಲಮ್ಮ?" ಎಂದು ಕೇಳಿದನಂತೆ. ಅತ್ತೆ ಬಾಗಿಲು ತೆಗೆದು ಇಳಿದು, ಸೆರಗು ಸರಿಮಾಡಿಕೊಂಡು, "ಇಲ್ಲಿದ್ದೀನಿ ನೋಡಪ್ಪ" ಅಂದರಂತೆ. ಈ ಕತೆಯನ್ನು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ, ಅಷ್ಟೂ ಸಲ ನಾನು ಹೊಸದಾಗಿ ನಕ್ಕಿದ್ದೇನೆ.

ಯಜಮಾನರು ಜೀಪು ಕೊಂಡ ಮೇಲೆ ಪಿಕಪ್ಪಿಗೆ ಬಡ್ತಿ ಹೋಗಿ ಹಿಂಬಡ್ತಿ ಬಂತು. ರಸ ಸೋರುವ ಕಾಫಿ ಹಣ್ಣು, ಗೊಬ್ಬರ, ಮೈಲುತುತ್ತದ ಡ್ರಮ್ಮು, ಇಂಥವನ್ನೇ ಹೊತ್ತು ಹೊತ್ತು ಅದರ ತೊಟ್ಟಿ ಕೊಳೆಯಿತು. ಕೊನೆಗೆ ಶೆಡ್ಡಿನಲ್ಲಿ ನಿಂತೇ ಬಿಟ್ಟಿತು. ಯಜಮಾನರಿಗೆ ಅದನ್ನು ಗುಜರಿಗೆ ಹಾಕಿ ಆ ಜಾಗದಲ್ಲಿ ಮನೆಗೆ ತಂದ ಹೆಂಚು ಪೇರಿಸುವ ಆಸೆ.

"ಜೀಪಿದೆಯಲ್ಲಮ್ಮ, ಸಾಮಾನು ಅದ್ರಲ್ಲೇ ಹೋಗುತ್ತೆ," ಅಂದರು.

"ಜೀಪು ನೀನು ಓಡಿಸ್ತೀಯ. ನಾನು ಪಕ್ಕದಲ್ಲಿ ಕೈಕಟ್ಕಂಡು ಕೂರ್ಬೇಕು."

ಯಜಮಾನರು ಎಂಜಿನ್ನಿಗೆ ಕೈ ಹಾಕಿದರು. ಹೊಸ ಬ್ಯಾಟರಿ ಇಟ್ಟು, ಕಾರ್ಬ್ಯುರೇಟರ್ ತೊಳೆದು, ಬೈದು, ಬೇಡಿಕೊಂಡ ಮೇಲೆ ಅದು ಕೆಮ್ಮಿ ಎದ್ದು ಕೂತಿತು. ಹೃದಯ ಗಟ್ಟಿಯಾಗಿತ್ತು, ಮೈಯೇ ಇರಲಿಲ್ಲ. ಮೈಗೆಂದು ವಸ್ತಾರೆಯ ರಸ್ತೆಬದಿಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಟಿಂಕರ್ ಭಾಯಿಯನ್ನು ಕರೆತಂದೆವು. ಸುತ್ತಮುತ್ತಲಿನ ಎಲ್ಲ ಜೀಪುಗಳ ತೂತು ಮುಚ್ಚಿದ ಮನುಷ್ಯ. ಮಾತಿಗೆ ನಿಂತರೆ ಕೈ ನಿಲ್ಲುತ್ತಿತ್ತು, ಅದೊಂದೇ ದೋಷ. ಅವರು ಸ್ಕ್ರೂಡ್ರೈವರಿನಿಂದ ತೊಟ್ಟಿಯನ್ನು ಅಲ್ಲಲ್ಲಿ ಚುಚ್ಚಿ ನೋಡಿದರು. ಚುಚ್ಚಿದಲ್ಲೆಲ್ಲ ಅದು ಹಪ್ಪಳದ ಹಾಗೆ ಪುಡಿಯಾಯಿತು.

"ಅಮ್ಮಾ, ಇದ್ರಲ್ಲಿ ಗಾಡಿ ಕಮ್ಮಿ, ತುಕ್ಕೇ ಜಾಸ್ತಿ," ಎಂದರು. "ತುಕ್ಕೆಲ್ಲ ತೆಗುದ್ರೆ ಕೊನೇಗೆ ನಿಮ್ ಕೈಗೆ ನಂಬರ್ ಪ್ಲೇಟ್ ಕೊಟ್ಟು ಹೋಗ್ಬೇಕಾಗುತ್ತೆ."

ಅತ್ತೆ ಮೇಲಿನ ಮನೆಯ ಕಡೆ ಕೈ ತೋರಿಸಿದರು. "ಅಲ್ಲೊಂದು ಕಣ್ಣಿಗೆ ಬೆಣ್ಣೆ, ಇಲ್ಲೊಂದು ಕಣ್ಣಿಗೆ ಸುಣ್ಣ ಬೇಡ. ಅದಕ್ಕೇನು ಮಾಡ್ತಿದ್ದಾರೋ ಇದಕ್ಕೂ ಅದೇ ಮಾಡಿ. ಹಾಳಾಗಿದ್ದು ಕೀಳಿ, ಗಟ್ಟಿಯಾಗಿದ್ದು ಇಟ್ಕಳಿ."

ಗಾಡಿಯನ್ನು ದೂಡಿ ಖಾಲಿಯಿದ್ದ ಕಣದ ನಡುವೆ ನಿಲ್ಲಿಸಿದೆವು. ಗುಡ್ಡದ ಮೇಲಿನಿಂದ ಗೋಡೆ ಕೆರೆಯುವ ಸದ್ದು, ಬುಡದಿಂದ ಗಾಡಿ ಕೆರೆಯುವ ಸದ್ದು. ತಂತಿ ಬ್ರಶ್ಶು, ಉಪ್ಪುಕಾಗದ ಹಿಡಿದು ನಾನೂ ಕೂತೆ. ಮೊದಮೊದಲು ಅತ್ತೆಯ ಮೇಲಿನ ಅಭಿಮಾನಕ್ಕೆ ಕೂತವಳು, ಆಮೇಲೆ ಅಡುಗೆ ಬಿಟ್ಟು ಕೂರತೊಡಗಿದೆ. ಕೆಂಪು ಹಕ್ಕಳೆಯನ್ನು ಉಜ್ಜುತ್ತಾ ಹೋದರೆ ಅದರಡಿಯಿಂದ ತಣ್ಣಗೆ, ಬೂದುಬಣ್ಣಕ್ಕೆ, ಹೊಳೆಯುತ್ತಾ ಕಬ್ಬಿಣ ಬರುತ್ತದಲ್ಲ, ಆ ಖುಷಿಯನ್ನು ಉಜ್ಜಿದವರೇ ಬಲ್ಲರು. ಮೂಗಿನಲ್ಲಿ ಕೆಂಪು ಧೂಳು, ಉಗುರಿನಲ್ಲಿ ಕೆಂಪು ಧೂಳು. ಮನೆಗೆಲಸಕ್ಕೆ ಮರಳು ಹೊರುತ್ತಿದ್ದ ಹೆಂಗಸರು ಇಳಿಯುವಾಗೊಮ್ಮೆ ನಿಂತು, "ಅಮ್ಮಾವ್ರೆ, ಪಾತ್ರೆ ತಿಕ್ಕೋದೂ ಹಿಂಗೇನಾ?" ಎಂದು ನಗುತ್ತಿದ್ದರು.

ಭಾಯಿ ಕೊಳೆತದ್ದನ್ನು ಕತ್ತರಿಸಿ ತೆಗೆದರು, ತೊಟ್ಟಿಗೆ ಹೊಸ ತಗಡು ವೆಲ್ಡ್ ಮಾಡಿದರು. ಉಳಿದದ್ದು ಒಳಗೆ ಡ್ರೈವರಿನ ಪಕ್ಕದವರು ಕಾಲಿಡುವ ಜಾಗ. ಅಲ್ಲಿ ನೆಲವೇ ಇರಲಿಲ್ಲ, ಕೂತರೆ ರಸ್ತೆ ಕಾಣುತ್ತಿತ್ತು. ಆ ದಿನವೇ ಮೇಲಿನ ಮನೆಯ ಅಟ್ಟ ಖಾಲಿ ಮಾಡುತ್ತಿದ್ದವರು ಅತ್ತೆಯ ಮದುವೆಯ ಕಬ್ಬಿಣದ ಟ್ರಂಕನ್ನು ಇಳಿಸಿದ್ದರು. ತಳ ತುಕ್ಕಿಗೆ ಹೋಗಿತ್ತು, ಮುಚ್ಚಳ ಮಾತ್ರ ಗಟ್ಟಿ. ಮುಚ್ಚಳದ ಮೇಲೆ ಎದುರುಬದುರು ಕೂತ ಎರಡು ಗಿಳಿಗಳ ಚಿತ್ರ. ಅತ್ತೆ ಅದನ್ನು ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿ, "ಇದೇ ಹಾಕಿ," ಎಂದರು.

"ಅಯ್ಯೋ, ಗಿಳಿ ಸುಟ್ಟೋಗುತ್ತಮ್ಮ ವೆಲ್ಡಿಂಗಿಗೆ," ಎಂದರು ಭಾಯಿ.

"ಸುಡದಂಗೆ ಹಾಕಿ."

ಭಾಯಿ ಅಡಿಗೆ ಕಬ್ಬಿಣದ ಪಟ್ಟಿ ಕೊಟ್ಟು, ಮುಚ್ಚಳವನ್ನು ರಿವೆಟ್ ಹೊಡೆದು ಕೂರಿಸಿದರು. ಗಿಳಿಗಳು ಅಲ್ಲೇ ಉಳಿದವು. ಗಾಡಿಯ ಮೈಯೆಲ್ಲ ಈಗ ಬರಿಯ ಕಬ್ಬಿಣ. ಇನ್ನು ಪ್ರೈಮರ್ ಹೊಡೆಯಬೇಕು. ಅಷ್ಟರಲ್ಲಿ ಕಳಸದ ಕಡೆ ಅವರ ನೆಂಟರಲ್ಲಿ ಮದುವೆ. "ಹೋಗಿ ಬಂದ್ಬಿಡ್ತೀನಿ. ಅಲ್ಲಿಗಂಟ ನೀರು ತಾಗ್ಸಬೇಡಿ, ಬಿಸ್ಲಲ್ಲೇ ಇರ್ಲಿ," ಎಂದು ಹೇಳಿ ಹೋದರು.

ಸುಮ್ಮನೆ ಇರಬೇಕಾಗಿತ್ತು. ಆದರೆ ನಮ್ಮ ಯಜಮಾನರು ಪ್ಲಾಂಟರು. ಪ್ಲಾಂಟರ ಕೈಗೆ ಸ್ಪ್ರೇ ಪಂಪು ಸಿಕ್ಕರೆ ಲೋಕದಲ್ಲಿ ಅದರಿಂದ ಬಗೆಹರಿಯದ ಕಷ್ಟವೇ ಇಲ್ಲ. ಗಾಡಿಯ ಸಂದಿಗೊಂದಿಯಲ್ಲಿ ಕೂತ ಧೂಳು ಹೋಗದೆ ಪ್ರೈಮರ್ ಹಿಡಿಯುವುದಿಲ್ಲ, ಒಂದು ಸಲ ಪಂಪಿನಲ್ಲಿ ಜೋರಾಗಿ ನೀರು ಹೊಡೆದು ಬಿಸಿಲಿಗೆ ಒಣಗಿಸೋಣ, ಭಾಯಿಗೆ ಕೆಲಸ ಹಗುರವಾಗುತ್ತದೆ ಎಂದರು. ನನಗೂ ಅದು ಬುದ್ಧಿವಂತಿಕೆ ಎಂದೇ ಕಂಡಿತು. ಸ್ಟೋರಿನ ಹಿಂದಿದ್ದ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿಸಿ, ನಾನು ಪಂಪಿನ ಸನ್ನೆ ಹಿಂದೆಮುಂದೆ ಎಳೆದೆ, ಅವರು ನಳಿಕೆ ಹಿಡಿದು ಗಾಡಿಗೆ ಸ್ನಾನ ಮಾಡಿಸಿದರು.

ನೋಡನೋಡುತ್ತಾ ಗಾಡಿ ಕೆಂಪಗಾಯಿತು. ತುಕ್ಕಿನ ಕೆಂಪಲ್ಲ, ಬೆಳಗಿದ ತಾಮ್ರದ ಚೊಂಬಿನ ಕೆಂಪು.

"ನೋಡೇ, ಎಷ್ಟು ಲಕ್ಷಣವಾಗಿದೆ! ಬಣ್ಣನೇ ಬೇಡ ಅನ್ಸುತ್ತೆ," ಎಂದರು ಯಜಮಾನರು. ನಾನೂ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದೆ. ಬೆಳಿಗ್ಗೆ ಎದ್ದು ನೋಡಿದರೆ ಆ ಚೊಂಬಿನ ತುಂಬ ಹಳದಿ, ಕಂದು ಮಚ್ಚೆಗಳು. ಎಷ್ಟೋ ದಿನ ಉಜ್ಜಿ ಓಡಿಸಿದ ತುಕ್ಕು ಮಕ್ಕಳು ಮರಿ ಕಟ್ಟಿಕೊಂಡು ವಾಪಸ್ಸು ಬಂದಿತ್ತು.

ಅತ್ತೆ ಬಂದರು. ಗಾಡಿಯನ್ನು ಒಂದು ಸುತ್ತು ಹಾಕಿದರು. ಬಗ್ಗಿ ಡ್ರಮ್ಮಿನೊಳಗೆ ನೋಡಿದರು. ತಳದಲ್ಲಿ ನೀಲಿ ಗಸಿ ಮಿಂಚುತ್ತಿತ್ತು.

ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಾಫಿ ಗಿಡಕ್ಕೆ ಕೊಳೆರೋಗ ಬಾರದಿರಲೆಂದು ನಾವು ಬೋರ್ಡೋ ಹೊಡೆಯುತ್ತೇವೆ. ಒಂದು ಡ್ರಮ್ಮಿನಲ್ಲಿ ನೀಲಿ ಮೈಲುತುತ್ತ ಕರಗಿಸಿ, ಇನ್ನೊಂದರಲ್ಲಿ ಸುಣ್ಣ ಕದಡಿ, ಎರಡನ್ನೂ ಕೂಡಿಸಿದರೆ ಅದೇ ಬೋರ್ಡೋ. ಸುಣ್ಣ ಸಾಕಾಯಿತೇ ಎಂದು ನೋಡಲು ಅದರಲ್ಲಿ ಕತ್ತಿ ಅದ್ದುತ್ತಾರೆ. ಕತ್ತಿಯ ಮೇಲೆ ತಾಮ್ರ ಕೂತು ಕೆಂಪಾದರೆ ಸುಣ್ಣ ಸಾಲದು, ಗಿಡ ಸುಡುತ್ತದೆ ಎಂದು ಅರ್ಥ. ನಮ್ಮ ತೋಟದಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತಿರುವ ಸಂಗತಿ. ನಾವು ನೀರು ತುಂಬಿದ್ದು ಮೈಲುತುತ್ತ ಕರಗಿಸುವ ಡ್ರಮ್ಮಿಗೆ.

"ಜನ ಕತ್ತಿ ಅದ್ದಿ ನೋಡ್ತಾರೆ," ಎಂದರು ಅತ್ತೆ. "ನೀವಿಬ್ರು ಗಾಡಿನೇ ಅದ್ದಿಬಿಟ್ರಲ್ಲ ಮಾರಾಯ್ರಾ!"

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕಟ್ಟೆಯ ಮೇಲೆ ಕೂತುಬಿಟ್ಟರು. ಗೃಹಪ್ರವೇಶ ಹತ್ತಿರ ಬಂದಿತ್ತು. ಮೇಲೆ ಮನೆಗೆ ಹೆಂಚು ಹೊದಿಸಿ ಆಗಿತ್ತು. ಅವರು ತಲೆಯೆತ್ತಿ ಮನೆಯನ್ನು ನೋಡಿ, "ಹೋಗ್ಲಿ ಬಿಡು. ಆ ಮೆಟ್ಲೇನು ನಂಗೆ ಹೊಸದಾ," ಅಂದರು. ಹಿಂದಿನ ಕಾಲುದಾರಿಯ ಮೆಟ್ಟಿಲು. ಯಜಮಾನರ ಮುಖ ನೋಡಲು ಆಗುತ್ತಿರಲಿಲ್ಲ. ಸಿಟ್ಟು ಬಂದರೆ ನನಗೆ ಬಾಯಿ ಬರುತ್ತದೆ, ದುಃಖ ಬಂದರೆ ಇನ್ನೂ ಜೋರಾಗಿ ಬರುತ್ತದೆ.

"ಕತ್ತಿ ಕೆಂಪಾದ್ರೆ ಏನ್ ಮಾಡ್ತಾರೆ ಅತ್ತೆ? ಕತ್ತಿ ಎಸೆದು ಮನೆಗೆ ಹೋಗ್ತಾರಾ?" ಎಂದು ಹೆಚ್ಚುಕಡಿಮೆ ಕಿರುಚಿದೆ.

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಮುಖ ಅರಳಿತು. "ಸುಣ್ಣ ಹಾಕ್ತಾರೆ!" ಎಂದು ಎದ್ದೇಬಿಟ್ಟರು. "ಮೈಲುತುತ್ತದ ಉರಿ ಆರಿಸೋದು ಸುಣ್ಣ ಅಲ್ದೆ ಇನ್ನೇನು? ಮೇಲೆ ಗುಂಡಿ ತುಂಬ ಇದೆಯಲ್ಲೇ!"

ಗೋಡೆಯ ಗಾರೆಗೆಂದು ಗಾರೆಯವರು ಗುಂಡಿಯಲ್ಲಿ ಅರಳಿಸಿಟ್ಟ ಸುಣ್ಣ ಬೆಣ್ಣೆಯ ಹಾಗೆ ಕೂತಿತ್ತು. ಮರಳು ಹೊರುವ ಹೆಂಗಸರು ಬಾಣಲೆಯಲ್ಲಿ ಹೊತ್ತು ತಂದರು. ನೀರಿನಲ್ಲಿ ಕದಡಿ, ಗೋಡೆಗೆ ಬಳಿಯುವ ಪೊರಕೆ ಕುಂಚದಲ್ಲಿ ಎಲ್ಲರೂ ಗಾಡಿಗೆ ಬಳಿದೆವು. ತೊಟ್ಟಿಗೆ, ಬಾಗಿಲಿಗೆ, ಉದ್ದ ಮೂಗಿಗೆ, ಚಕ್ರದ ಕಮಾನಿಗೆ. ಯಾರೋ ಒಬ್ಬಳು ಯಜಮಾನರ ಬೆನ್ನಿಗೂ ಒಂದು ಗೀಟು ಎಳೆದಳು. ಅವರು ತಿರುಗಿ ನೋಡುವಷ್ಟರಲ್ಲಿ ಹೆಂಗಸರೆಲ್ಲ ಮುಖ ಗಂಟು ಹಾಕಿಕೊಂಡು ಕೆಲಸದಲ್ಲಿ ಮುಳುಗಿದ್ದರು. ನಾನೂ ನಗದೆ ಇರಲು ತುಟಿ ಕಚ್ಚಿಕೊಂಡಿದ್ದೆ.

ಗಾಡಿ ಹಾಗೆ ಬೆಳ್ಳಗೆ ಹೊಳೆಯುತ್ತಾ ನಿಂತಿರುವಾಗಲೇ ಟಿಂಕರ್ ಭಾಯಿ ಮದುವೆ ಮುಗಿಸಿ ಬಂದರು. ಗೇಟಿನಲ್ಲೇ ನಿಂತುಬಿಟ್ಟರು.

"ಗಾಡಿಗೆ ಸುಣ್ಣ ಹೊಡ್ಸಿದ್ದೀರಾ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ, "ನಲವತ್ತು ಜೀಪು ರಿಪೇರಿ ಮಾಡಿದೀನಿ, ಒಂದಕ್ಕೂ ಇಂಥ ಮರ್ಯಾದೆ ಸಿಕ್ಕಿಲ್ಲ. ಮಾವಿನ ತೋರಣ ಒಂದು ಕಟ್ಟಿಬಿಡಿ, ನಾವೇ ಒಳಗೆ ಹೋಗಿ ವಾಸ ಮಾಡಾಣ," ಎಂದರು. ನಡೆದದ್ದನ್ನು ಕೇಳಿ ಮೊದಲು ತಲೆ ಚಚ್ಚಿಕೊಂಡರು, ಆಮೇಲೆ ಕಣದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸುಣ್ಣ ತೊಳೆದು, ಬೇಗ ಒರೆಸಿ, ಬಿಸಿಲಿಗೆ ಕಾಯಿಸಿ ಮತ್ತೆ ಉಪ್ಪುಕಾಗದ ಹಿಡಿದೆವು. ತಾಮ್ರ ಹೋಯಿತು, ಮಚ್ಚೆ ಹೋಯಿತು, ಈ ಸಲ ಹೋದ ತುಕ್ಕು ತಿರುಗಿ ಬರಲಿಲ್ಲ. ಅದೇ ಸಂಜೆ ಭಾಯಿ ಪ್ರೈಮರ್ ಹೊಡೆದು, ಪಂಪನ್ನು ಯಜಮಾನರ ಕೈಗೆ ಸಿಗದ ಹಾಗೆ ಶೆಡ್ಡಿನೊಳಗೆ ಇಟ್ಟು ಬೀಗ ಹಾಕಿ, ಬೀಗದ ಕೈಯನ್ನು ಅತ್ತೆಗೆ ಕೊಟ್ಟು ಹೋದರು.

ಬಣ್ಣಕ್ಕೆ ಚಿಕ್ಕಮಗಳೂರಿಗೆ ಹೋಗಬೇಕೆಂದಾಗ ಅತ್ತೆ ಬೇಡವೆಂದರು. ಕಿಟಕಿಗಳಿಗೆ ತಂದ ಹಸಿರು ಬೇಕಾದಷ್ಟು ಮಿಕ್ಕಿತ್ತು. ಕಿಟಕಿ ಬಣ್ಣ ಗಾಡಿಗೆ ಆಗಿಬರುವುದಿಲ್ಲ ಎಂದು ಭಾಯಿ ವಾದ ಮಾಡಿದರು, ಗದರಿದರು, ಕೊನೆಗೆ ತೆಳುಮಾಡಿ ಅದನ್ನೇ ಹೊಡೆದರು. "ಯಾರಾದ್ರೂ ಕೇಳಿದ್ರೆ ನನ್ ಹೆಸ್ರು ಹೇಳ್ಬೇಡಿ," ಎಂದರು. ಇಂದಿಗೂ ನಾನು ಹೇಳಿಲ್ಲ.

ಗೃಹಪ್ರವೇಶದ ದಿನ ಬಂತು. ಹಿಂದಿನ ದಿನವೇ ಬಂದಿದ್ದ ಸಂಸೆ ಅತ್ತೆ ಕಣದಲ್ಲಿ ನಿಂತ ಹಸಿರು ಗಾಡಿಯನ್ನು ಬೆರಳಿನಿಂದ ಮುಟ್ಟಿ ನೋಡಿ ಒಳಗೆ ಹೋಗಿದ್ದರು. ಆದರೆ ಬೆಳಿಗ್ಗೆ ಎದ್ದವರೇ, "ಓಡಿಸ್ಕಂಡು ಬರ್ಲಿ, ಅಂಗಳಕ್ಕೆ ಬರ್ಲಿ. ಹೊಸ್ತಿಲು ದಾಟೋದು ಮಾತ್ರ ಆಮೇಲೆ," ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಹಲ್ಲು ಕಚ್ಚಿಕೊಂಡೆ. ಶುಭದಿನ ಜಗಳ ಬೇಡವೆಂದು ಅತ್ತೆ ಮೊದಲೇ ನನ್ನಿಂದ ಮಾತು ತೆಗೆದುಕೊಂಡಿದ್ದರು.

ಯಜಮಾನರು ಪುರೋಹಿತರನ್ನು ಕರೆತಂದು ಜೀಪಿನಲ್ಲಿ ನೇರವಾಗಿ ಮೇಲಕ್ಕೆ ಹೋದರು. ತಿರುಗಿ ಬಂದು ಸಂಸೆ ಅತ್ತೆಯನ್ನು ಕರೆದುಕೊಂಡು ಹೋಗಬೇಕಿತ್ತು. ಪುರೋಹಿತರು ಯಜಮಾನರನ್ನು ಬಾಗಿಲ ಹೊರಗಿಟ್ಟ ಕಲಶದ ಮುಂದೆ ಕೂರಿಸಿಬಿಟ್ಟರು. ಮುಹೂರ್ತ ಹತ್ತಿರವಾಯಿತು. ಮೇಲಿನಿಂದ ಬನ್ನಿ ಬನ್ನಿ ಎಂದು ಕೂಗುತ್ತಿದ್ದರು. ಏರು ನಡೆದು ಹತ್ತುವ ಮಂಡಿ ಸಂಸೆ ಅತ್ತೆಯದಲ್ಲ. ಅವರು ಗುಡ್ಡ ನೋಡಿದರು, ಪಿಕಪ್ಪು ನೋಡಿದರು.

"ಹತ್ತು," ಎಂದರು ಅತ್ತೆ, ಸ್ಟಿಯರಿಂಗಿನ ಹಿಂದಿನಿಂದ.

ನಾನು ಹಿಂದೆ ತೊಟ್ಟಿಯಲ್ಲಿ, ಅಕ್ಕಿ, ಉಪ್ಪು, ದೀಪ, ದೇವರ ಪಟಗಳ ನಡುವೆ ಹಾಲಿನ ಪಾತ್ರೆಯನ್ನು ಮಡಿಲಲ್ಲಿ ಹಿಡಿದು ಕೂತೆ. ಪಿಕಪ್ಪಿಗೆ ಹ್ಯಾಂಡ್‌ಬ್ರೇಕು ಯಾವ ಕಾಲದಲ್ಲೂ ಕೆಲಸ ಮಾಡಿದ್ದಿಲ್ಲ, ನಿಲ್ಲಿಸಿದ ಕೂಡಲೇ ಯಾರಾದರೂ ಇಳಿದು ಗಾಲಿಗೆ ಕಲ್ಲು ಕೊಡಬೇಕು. ಆ ಕೆಲಸವೂ ನನ್ನದೇ, ಹಾಗಾಗಿ ಒಂದು ಕಲ್ಲೂ ದೇವರ ಪಕ್ಕದಲ್ಲೇ ಕೂತಿತ್ತು. ಕ್ಯಾಬಿನ್ನಿನ ಹಿಂದಿನ ಕಿಂಡಿಗೆ ಗಾಜಿಲ್ಲದ್ದರಿಂದ ಮುಂದಿನ ಮಾತೆಲ್ಲ ಕೇಳುತ್ತಿತ್ತು.

ಎಂಜಿನ್ ಗರ್ಜಿಸಿತು. ಮೊದಲ ತಿರುವಿಗೆ ಸಂಸೆ ಅತ್ತೆ ಎಲ್ಲ ದೇವರನ್ನೂ ಕರೆದರು. ಎರಡನೆಯದಕ್ಕೆ ನಮ್ಮ ಅತ್ತೆಯನ್ನು ಬೈದರು. ಅತ್ತೆ ಗೇರು ಬದಲಿಸುವಾಗ ಗಾಡಿ ಒಂದು ಸಲ ಜಗ್ಗಿತು. ಸಂಸೆ ಅತ್ತೆ "ಅಯ್ಯಪ್ಪಾ!" ಎಂದು ಬಗ್ಗಿದವರು ಬಗ್ಗಿದಂತೆಯೇ ಉಳಿದರು. ದನಿಯೇ ಬದಲಾಯಿತು.

"ಅತ್ತಿಗೆ, ಇದು ನಿನ್ ಟ್ರಂಕಿನ ಗಿಳಿ ಅಲ್ವಾ?"

"ಹ್ಞೂಂ."

"ನೀನು ಮದ್ವೆಯಾಗಿ ಬಂದ ದಿನ ಎತ್ತಿನ ಗಾಡೀಲಿ ಈ ಟ್ರಂಕಿನ ಮೇಲೆ ಕೂತಿದ್ದು ನಾನೇ! ಇಳಿಯಲ್ಲ ಅಂತ ಅತ್ತಿದ್ದೆ. ನೀನೇ ನನ್ ಕೈ ಹಿಡ್ದು ಇಳಿಸಿದ್ದೆ."

"ನೆನಪಿದೆ. ನಂಗೂ ಭಯ ಆಗಿತ್ತು. ಅದಕ್ಕೇ ನಿನ್ ಕೈ ಹಿಡ್ಕಂಡಿದ್ದು," ಅಂದರು ಅತ್ತೆ, ರಸ್ತೆಯಿಂದ ಕಣ್ಣು ತೆಗೆಯದೆ.

ಆಮೇಲೆ ಮುಂದಿನಿಂದ ನಗು ಕೇಳತೊಡಗಿತು. ಇಬ್ಬರು ಮುದುಕಿಯರು ಏರಿನುದ್ದಕ್ಕೂ ಹುಡುಗಿಯರ ಹಾಗೆ ನಕ್ಕರು. ಹಾಲು ನನ್ನ ಸೀರೆಯ ಮೇಲೆ ತುಳುಕುತ್ತಿತ್ತು. ನನಗೆ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ಗೊತ್ತಾಗಲಿಲ್ಲ, ಎರಡೂ ಬಂದಿರಬೇಕು.

ಹಸಿರು ಗಾಡಿ ಹಸಿರು ಕಿಟಕಿಗಳ ಮುಂದೆ ನಿಂತಿತು. ನಾನು ಪಾತ್ರೆ ಹಿಡಿದೇ ಹಾರಿ ಇಳಿದು ಒಂದು ಕೈಯಲ್ಲಿ ಕಲ್ಲು ಎಳೆದುಕೊಂಡೆ. ಸಂಸೆ ಅತ್ತೆ ಇಳಿದರು. ನಮ್ಮ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಬಿಡ್ಬೇಡ ಅತ್ತಿಗೆ, ಬಿದ್ದೋಗ್ತೀನಿ," ಎಂದರು. ಇಬ್ಬರೂ ಒಂದೊಂದೇ ಮೆಟ್ಟಿಲು ಹತ್ತಿದರು. ಬಾಗಿಲಿನಲ್ಲಿ ಆರತಿ ಹಿಡಿದವರು, ನೆಂಟರು, ಪುರೋಹಿತರು, ಯಜಮಾನರು ಎಲ್ಲ ನೋಡುತ್ತಿದ್ದರು. ಹೊಸ್ತಿಲ ಹತ್ತಿರ ಅತ್ತೆ ನಿಂತರು. ಮೆಲ್ಲಗೆ ಕೈ ಬಿಡಿಸಿಕೊಳ್ಳಲು ಹೋದರು.

"ನೀನು ಹೋಗು. ನಾನು ಆಮೇಲೆ ಬರ್ತೀನಿ," ಎಂದರು.

ಸಂಸೆ ಅತ್ತೆ ತಿರುಗಿ ಅವರ ಮುಖ ನೋಡಿದರು. ಆ ಕೈ ಸಡಿಲವಾಗಲಿಲ್ಲ.

"ಬಲಗಾಲಿಡು, ಅತ್ತಿಗೆ," ಎಂದರು ಅವರು.

ಅತ್ತೆ ಹೊಸ್ತಿಲನ್ನೇ ನೋಡುತ್ತಾ ನಿಂತರು. ಆಮೇಲೆ ಅಲ್ಲಿಂದಲೇ ತಿರುಗಿ ನನ್ನನ್ನು ಹುಡುಕಿದರು.

"ಗಾಲಿಗೆ ಕಲ್ಲು ಕೊಟ್ಯೇನೇ?"

"ಕೊಟ್ಟೆ ಅತ್ತೆ," ಎಂದೆ.

ಅತ್ತೆ ಬಲಗಾಲಿಟ್ಟು ಒಳಗೆ ಹೋದರು.